ಪ್ರಶ್ನೆ ಉದ್ಭವಿಸುವುದಿಲ್ಲ

ತಮಗೆ ನಂಬಿಕೆಯಿಲ್ಲದ ಉತ್ತರವನ್ನು ಓದಬೇಕಾಗಿ ಬಂದಾಗ ಸಾಹೇಬರ ಬಲಗೈ ಅಂಗಿಯ ಎರಡನೆಯ ಗುಂಡಿಗೆ ಹೋಗುತ್ತಿತ್ತು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಿರುವುತ್ತಿದ್ದರು. ಎಷ್ಟು ಅಂಗಿ ಬದಲಿಸಿದರೂ ಆ ಒಂದು ಗುಂಡಿ ಮಾತ್ರ ದಾರದ ಮೇಲೆ ಜೋತಾಡುತ್ತಲೇ ಇರುತ್ತಿತ್ತು. ವಿಧಾನ ಪರಿಷತ್ತಿನ ಸಭಾನಾಯಕರು ಅವರು. ಮಂತ್ರಿಗಳು ಬಾರದ ದಿನ ಅವರ ಪರವಾಗಿ ಸದಸ್ಯರಿಗೆ ಉತ್ತರ ಕೊಡುವ ಹೊಣೆ ಇವರದು. ಕಲಾಪ ಮೊಬೈಲಿನಲ್ಲಿ ಬರುತ್ತದಲ್ಲ, ಜೊಯಿಡಾದ ನನ್ನ ಅಂಗಡಿಯಲ್ಲಿ ಕೂತು ನಾನು ಅವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ವ್ಯಾಪಾರಕ್ಕೆ ಇಳಿಯುವವರಿಗೆ ಇದೊಂದು ಮಾತು ಹೇಳಿಬಿಡುತ್ತೇನೆ, ಇಟ್ಟುಕೊಳ್ಳಿ: ಎದುರಿನವರ ಮುಖ ಸುಳ್ಳು ಹೇಳಲು ಕಲಿತಿರುತ್ತದೆ, ಕೈ ಕಲಿತಿರುವುದಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಹಳಿಯಾಳದ ಕೋರ್ಟಿನಲ್ಲಿ. ಆಗ ಅವರು ಕರಿ ಕೋಟಿನ ವಕೀಲರು, ನಾನು ದಾಂಡೇಲಿ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕಾಡಿನ ಕೆಂಪು ಹುಳಿಹಣ್ಣು ಮುರುಗಲದ ಒಣಸಿಪ್ಪೆ, ಗೆಡ್ಡೆಗೆಣಸು ಮಾರುತ್ತಿದ್ದವಳು. ಅರಣ್ಯ ಇಲಾಖೆಯವರು ನಾಕಾದಲ್ಲಿ ನನ್ನ ಮಾಲು ಹಿಡಿದಿಟ್ಟಿದ್ದರು. ಅವರು ಏನಂದರು, ಇವರು ಏನಂದರು, ಊರಿನವರು ಏನಂದರು ಎಂದು ನಾನು ಒಂದೇ ಉಸಿರಿಗೆ ಹೇಳುತ್ತ ಹೋದೆ. ವಕೀಲರು ಕೈ ಅಡ್ಡ ಮಾಡಿದರು.

"ತಂಗೆವ್ವ, ನೀ ನೋಡಿದ್ದಷ್ಟ ಹೇಳು. ಕೇಳಿದ್ದನ್ನ ಹೇಳಾಕ ಊರ ತುಂಬ ಮಂದಿ ಅದಾರ."

ನೋಡಿದ್ದಷ್ಟನ್ನೇ ಹೇಳಿದೆ. ಮಾಲು ಬಿಡಿಸಿಕೊಟ್ಟರು. ಅಂದಿನಿಂದ ಅವರ ಮನೆಗೆ ವರ್ಷಕ್ಕೊಂದು ಡಬ್ಬಿ ಮುರುಗಲ ನನ್ನದೇ.

ಮೇಲ್ಮನೆಗೆ ಹೋದ ಮೇಲೂ ಅವರು ಕಂಡವರನ್ನೇ ಕೇಳುವ ಆ ಚಾಳಿ ಬಿಡಲಿಲ್ಲ. ನಮ್ಮ ಕಡೆಯ ಪ್ರಶ್ನೆ ಪಟ್ಟಿಯಲ್ಲಿದ್ದರೆ ಹಿಂದಿನ ದಿನವೇ ಒಬ್ಬೊಬ್ಬರಿಗೆ ಫೋನ್. ಅತ್ತಿವೇರಿ ಜಲಾಶಯವೆಂದರೆ ಅಲ್ಲಿನ ಕಾವಲುಗಾರನಿಗೆ, ಕ್ಯಾಸಲ್‌ರಾಕ್ ಎಂದರೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗೆ, ಜೊಯಿಡಾ ಎಂದರೆ ನನಗೆ. ಇಲಾಖೆಯ ಉತ್ತರಗಳಿಗೆ ಒಂದು ನಮೂನೆ ಇದೆ. 'ಇಂಥದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದರೆ 'ಇಲ್ಲ'. 'ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?' ಎಂದರೆ 'ಉದ್ಭವಿಸುವುದಿಲ್ಲ'. ಆ ಪದ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಉದ್ಭವಿಸೂದಿಲ್ಲ ಅಂತ ಬರದಾರಂದ್ರ, ಅಲ್ಲೆ ಏನೋ ಉದ್ಭವಿಸಾಕತ್ತೈತಿ ಅಂತನ ತಿಳಕೋ," ಎನ್ನುತ್ತಿದ್ದರು.

ಆ ವರ್ಷದ ಮಳೆಗಾಲದ ಅಧಿವೇಶನದಲ್ಲಿ ಬಂದದ್ದು ನಮ್ಮ ಹೊಳೆಯ ತೂಗುಸೇತುವೆಯ ಪ್ರಶ್ನೆ. ಆಚೆ ದಂಡೆಯಲ್ಲಿ ಸಿದ್ದಿಗಳ ಹತ್ತಾರು ಮನೆಗಳು. ಹೊಳೆ ತುಂಬಿದರೆ ರೇಷನ್ನಿಗೂ ದವಾಖಾನೆಗೂ ಅದೊಂದೇ ದಾರಿ. ನನಗೆ ಮುರುಗಲ ಕೂಡಿಸಿ ಕೊಡುತ್ತಿದ್ದ ಗೆಳತಿಯ ಮನೆಯೂ ಅಲ್ಲೇ. ಮಳೆ ಹಿಡಿದರೆ ದರ ಏರುತ್ತದೆಂದು ಆ ಸಲದ ಚೀಲಗಳನ್ನೆಲ್ಲ ಅವಳ ಅಟ್ಟದ ಮೇಲೆಯೇ ಇರಿಸಿದ್ದೆ. ವಾರದ ಹಿಂದೆ ಅಂಗಡಿಗೆ ಬಂದವಳು ಹೇಳಿದ್ದಳು:

"ಬಾಯಿ, ಹಗ್ಗದ ಬುಡದಾಗ ಏನೋ ಕುಂಯ್ ಅಂತೈತಿ. ದಾಟುವಾಗ ಹಲ್ಲ ಕಡದಂಗ ಕೇಳಸ್ತೈತಿ."

"ನಿನ್ನ ತೂಕಕ್ಕ ಅದು ಅಳಾಕತ್ತೈತಿ."

"ಹೌದವಾ, ಮೊದ್ಲ ನಿನ್ನ ತಕ್ಕಡಿ ಅಳತಿತ್ತು, ಈಗ ಸೇತುವಿನೂ ಸುರು ಮಾಡೇತಿ," ಎಂದು ನಕ್ಕು ಹೋದಳು.

ಅದಾಗಿ ವಾರಕ್ಕೆ ಸಾಹೇಬರ ಫೋನ್ ಬಂತು. "ತಂಗೆವ್ವ, ಸೇತುವಿ ಗಟ್ಟಿ ಐತಿ ಅಂತ ಬರದ ಕೊಟ್ಟಾರ. ಕೆಳಗ ಮತ್ತ ಅದ ಪದ, ಉದ್ಭವಿಸುವುದಿಲ್ಲ. ನೀ ನೋಡೀಯೇನ?"

ಸೇತುವೆ ಕೆಟ್ಟಿದೆ ಎಂದರೆ ನಾಳೆಯೇ ಹಲಗೆ ಕಟ್ಟಿ ದಾರಿ ಮುಚ್ಚುತ್ತಾರೆ. ಹೊಸದು ಯಾವಾಗಲೋ. ನನ್ನ ಚೀಲಗಳು ಆಚೆಯೇ ಬೂಸಲು ಹಿಡಿಯುತ್ತವೆ. ಇಷ್ಟೆಲ್ಲ ಲೆಕ್ಕ ಹಾಕಲು ನನಗೆ ಒಂದು ಉಸಿರೂ ಬೇಕಾಗಲಿಲ್ಲ. "ಗಟ್ಟಿ ಐತ್ರಿ ಸಾಹೇಬ್ರ. ನಿನ್ನೆನ ದಾಟಿ ಬಂದೇನಿ," ಎಂದೆ. ನಾನು ಎರಡು ತಿಂಗಳಿಂದ ಆ ಕಡೆ ಕಾಲಿಟ್ಟಿರಲಿಲ್ಲ.

ಮರುದಿನ ಅವರು ಎದ್ದು ಓದಿದರು: ಸೇತುವೆ ಸುಸ್ಥಿತಿಯಲ್ಲಿದೆ, ಪ್ರಶ್ನೆ ಉದ್ಭವಿಸುವುದಿಲ್ಲ. ಪ್ರಶ್ನೆ ಕೇಳಿದ ಸದಸ್ಯರು ಬಿಡಲಿಲ್ಲ. "ಸಭಾನಾಯಕರು ಸ್ವತಃ ಕಂಡಿದ್ದಾರೆಯೇ?"

"ನಾನು ಕಂಡಿಲ್ಲ. ಕಂಡವರನ್ನು ಕೇಳಿದ್ದೇನೆ."

"ಸಭಾಪತಿಗಳೇ, ಸಭಾನಾಯಕರ ಫೋನೇ ಒಂದು ಇಲಾಖೆ!" ಸದನ ನಕ್ಕಿತು. ಅವರೂ ನಕ್ಕರು.

ನಾನು ನಗಲಿಲ್ಲ. ಮೊಬೈಲಿನಲ್ಲಿ ನಿಂತು ನಿಂತು ಬರುತ್ತಿದ್ದ ಆ ಚಿತ್ರದಲ್ಲಿ ಅವರ ಬಲಗೈ ಮೇಜಿನ ಮೇಲೆ ಸುಮ್ಮನೆ ಇತ್ತು. ಗುಂಡಿಯನ್ನು ಮುಟ್ಟಲೇ ಇಲ್ಲ. ನನ್ನ ಮಾತನ್ನು ಅಷ್ಟು ನಂಬಿದ್ದರು.

ಮಾರನೆಯ ಬೆಳಿಗ್ಗೆ ಹೊಳೆಗೆ ಹೋದೆ. ಈಚೆ ಕಂಬದ ಬುಡದಲ್ಲಿ ತಂತಿಹಗ್ಗದ ಎಳೆಗಳು ಬಿಚ್ಚಿಕೊಂಡು ಹೆರಳು ಕೆದರಿದಂತೆ ನಿಂತಿದ್ದವು. ಮಳೆ ಇರಲಿಲ್ಲ, ಗಾಳಿ ಇರಲಿಲ್ಲ. ಆದರೂ ಹಗ್ಗ ಕುಂಯ್ ಎನ್ನುತ್ತಿತ್ತು. ತಲೆ ಎತ್ತಿದರೆ ನಡುಸೇತುವೆಯಲ್ಲಿ ನನ್ನ ಗೆಳತಿ. ತಲೆಯ ಮೇಲೆ ನನ್ನದೇ ಚೀಲ.

"ಹಿಂದಕ್ಕ ಹೋಗು! ಚೀಲಾ ಒಗದು ಹಿಂದಕ್ಕ ಹೋಗು!"

"ನಿನ್ನ ಮಾಲು, ಬಾಯಿ! ಒಗದ್ರ ನೀ ನನ್ನ ಬಿಟ್ಟೀಯೇನ?" ಎಂದು ನಗುತ್ತ ಇನ್ನೆರಡು ಹೆಜ್ಜೆ ಇಟ್ಟಳು.

ಹಗ್ಗದ ಸದ್ದು ನಿಂತಿತು. ನಿಂತ ಮೇಲೆಯೇ ಸೇತುವೆ ಒಂದು ಮಗ್ಗುಲಿಗೆ ಮಗುಚಿದ್ದು. ಅವಳು ಕೈಗೆ ಸಿಕ್ಕ ತಂತಿಗೆ ಜೋತುಬಿದ್ದು ಈಚೆ ದಂಡೆಯ ಬಂಡೆಗೆ ಬಂದು ಬಡಿದಳು. ಬಂಡೆಯ ಸಂದಿನಲ್ಲಿ ನಿಂತಿದ್ದ ನೀರು ಕೆಂಪಾಗುತ್ತ ಬಂತು. ರಕ್ತವೆಂದುಕೊಂಡೆ. ಚೀಲ ಒಡೆದು ಮುರುಗಲ ಬಣ್ಣ ಬಿಡುತ್ತಿತ್ತು. ಗದ್ದೆಯಲ್ಲಿದ್ದವರು ಓಡಿಬಂದು ಎಳೆದುಕೊಂಡರು. ತೊಡೆಯ ಎಲುಬು ಮುರಿದಿತ್ತು.

ಸಿಗ್ನಲ್ ಸಿಗುವ ದಿಬ್ಬ ಹತ್ತಿ ಫೋನ್ ಮಾಡಿದೆ. "ಸಾಹೇಬ್ರ, ಸೇತುವಿ ಬಿತ್ತು. ನಾ ದಾಟಿರಲಿಲ್ರಿ. ಸುಳ್ಳ ಹೇಳಿದ್ನಿ."

"ಯಾರರ ಇದ್ರೇನ ಅದರ ಮ್ಯಾಲ?"

ಹೇಳಿದೆ.

"ಜೀವದಿಂದ ಅದಾಳ?"

"ಅದಾಳ್ರಿ."

"ಮೊದ್ಲ ಆಕೀನ್ನ ದವಾಖಾನಿಗೆ ಒಯ್ಯಿ. ಸದನ ನಾ ನೋಡಕೋತೇನಿ."

ದಾಂಡೇಲಿಯ ದವಾಖಾನೆಯ ಬಾಗಿಲಲ್ಲಿ ನಿಂತು ನಾನು ಮೊಬೈಲಿನಲ್ಲಿ ನೋಡಿದೆ. "ನಿನ್ನೆ ನಾನು ಈ ಸದನಕ್ಕೆ ಕೊಟ್ಟ ಉತ್ತರ ತಪ್ಪು. ಅದನ್ನು ಹಿಂತೆಗೆದುಕೊಂಡು ಕ್ಷಮೆ ಕೇಳುತ್ತೇನೆ," ಎಂದರು. ಸದನ ಎದ್ದು ನಿಂತಿತು. ನಿನ್ನೆ ಚೇಷ್ಟೆ ಮಾಡಿದ ಸದಸ್ಯರು ಇಂದು ಕೂಗಿದರು: "ಕಂಡವರನ್ನು ಕೇಳಿದ್ದೇನೆ ಅಂದಿರಲ್ಲ, ಅವರು ಯಾರು? ಹೆಸರು ಹೇಳಿ!"

ಅವರ ಕೈ ಗುಂಡಿಗೆ ಹೋಯಿತು. ತಿರುವಿದರು. ದಾರ ಕಡಿದು ಗುಂಡಿ ಕೈಗೇ ಬಂತು. ಅದನ್ನು ಜೇಬಿಗೆ ಹಾಕಿಕೊಂಡು ಹೇಳಿದರು: "ಉತ್ತರ ಕೊಟ್ಟ ಬಾಯಿ ನನ್ನದು. ಬೇರೆ ಹೆಸರು ಉದ್ಭವಿಸುವುದಿಲ್ಲ."

ಮುಂದಿನ ಅಧಿವೇಶನಕ್ಕೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಹಳಿಯಾಳದ ಮನೆಗೆ ಹೋಗಿ ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ನೀ ಸುಳ್ಳ ಕೊಟ್ಟಿ, ನಾ ಅದಕ್ಕ ಸರ್ಕಾರದ ಮುದ್ರಿ ಒತ್ತಿ ಮುಂದ ಮಾರಿದೆ. ನಮ್ಮಿಬ್ಬರಾಗ ದೊಡ್ಡ ವ್ಯಾಪಾರಿ ಯಾರು, ನೀನ ಹೇಳು." ನಾನು ಎದ್ದು ನಿಂತೆ. "ಕಾಲು ಹಿಡಿಯೂದಿದ್ರ ಕಾಲು ಮುರಕೊಂಡಾಕೀದು ಹಿಡಿ ಹೋಗು. ಆಮ್ಯಾಲ ಮಳಿಗಾಲಕ್ಕೊಮ್ಮೆ ಆ ಸೇತುವಿ ನೋಡು. ನೋಡಿ ಹೇಳು."

ಯಾರಿಗೆ ಹೇಳಲಿ ಎಂದು ಆಗ ಕೇಳಬೇಕಿತ್ತು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ದರ್ಶನಕ್ಕೆ ಇಟ್ಟಾಗ ನಾನು ಮುಖ ನೋಡಲಿಲ್ಲ, ಕೈ ನೋಡಿದೆ. ಎರಡೂ ಸುಮ್ಮನೆ ಇದ್ದವು.

ಸೇತುವೆಗೆ ಹೊಸ ಹಗ್ಗ ಬಂದಿದೆ, ಕಂಬಗಳು ಹಳೆಯವೇ. ಈ ಮಳೆಗಾಲದಲ್ಲಿ ಸದನದಲ್ಲಿ ಮತ್ತೆ ಅದರ ಪ್ರಶ್ನೆ ಬಂತು. ಈಗಿನ ಸಭಾನಾಯಕರು ಓದಿದರು: ದುರಸ್ತಿಯಾಗಿದೆ, ಸುಸ್ಥಿತಿಯಲ್ಲಿದೆ, ಉದ್ಭವಿಸುವುದಿಲ್ಲ. ಯಾರೂ ಮರುಪ್ರಶ್ನೆ ಕೇಳಲಿಲ್ಲ. ಹಿಂದಿನ ದಿನ ನನಗೆ ಫೋನೂ ಬಂದಿರಲಿಲ್ಲ. ನಾನು ಬರೆದ ಎರಡು ಅರ್ಜಿಗಳಿಗೆ ತಲುಪಿದೆ ಎಂಬ ಚೀಟಿ ಬಂದಿದೆ, ಅಷ್ಟೇ. ಆಚೆ ತುದಿಯಲ್ಲಿ ನನ್ನ ಗೆಳತಿ ಕೋಲು ಊರಿಕೊಂಡು ಕೂತು, ಹೊರೆ ಹೊತ್ತವರನ್ನು ಬೈದು ಹಿಂದಕ್ಕೆ ಕಳಿಸುತ್ತಾಳೆ. ಈಚೆ ನಾನು.

ಕೇಳಿದ್ದಲ್ಲ, ನೋಡಿದ್ದು ಹೇಳುತ್ತಿದ್ದೇನೆ. ಎಡಗಡೆಯ ಕಂಬದ ಬುಡದಲ್ಲಿ ಒಂದು ಬಿರುಕಿದೆ. ಹೋದ ವಾರ ಅದರಲ್ಲಿ ಉಗುರು ಹೋಗುತ್ತಿತ್ತು. ಇವತ್ತು ಬೆಳಿಗ್ಗೆ ಕಿರುಬೆರಳು ಹೋಯಿತು.