ಅಂಗಿ ಬಿಚ್ಚಿದ ಅಕ್ಕಿ

ಯಲಹಂಕದ ಹೈಸ್ಕೂಲಿನಲ್ಲಿ ನಾನು ತಿಂದ ಮೊದಲ ಬೈಗುಳ ಒಂದೇ ಒಂದು ಅಕ್ಷರಕ್ಕಾಗಿ. ಮೇಷ್ಟರು ಪದ್ಯದ ಅರ್ಥ ಕೇಳಿದರು. "ಏಳ್ತೀನಿ ಸಾರ್" ಎಂದೆ. "ಏಳು, ಎದ್ದು ಆಚೆ ಹೋಗು" ಎಂದರು. ನಮ್ಮೂರು ಕೊಡಿಗೇಹಳ್ಳಿಯವರ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲು, ಹೆಬ್ಬಾಳ ಎಬ್ಬಾಳ. ಅಂದಿನಿಂದ ಹಟ ಹಿಡಿದು ಹಕಾರ ಕಲಿತೆ. ಬೇಕಾದಲ್ಲೂ ಬೇಡವಾದಲ್ಲೂ ಅದನ್ನೇ ಹಚ್ಚಿದೆ. ಅಂಗಡಿಗೆ ಹೋಗಿ ಎಣ್ಣೆಗೆ ಬದಲು "ಹೆಣ್ಣೆ ಕೊಡಿ" ಎಂದು ಕೇಳಿದ ಮಹಾಶಯ ನಾನೇ.

ಅರವತ್ತರ ದಶಕ ಶುರುವಾಗುವಷ್ಟರಲ್ಲಿ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಊರಿನಲ್ಲಿ ಓದಿದವನೆಂಬ ಹೆಸರು ಬಂದಿತ್ತು, ಜೊತೆಗೆ ತಕ್ಕಷ್ಟು ಜಂಬವೂ ಬಂದಿತ್ತು. ನಮ್ಮ ಭಜನೆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಏಕಾದಶಿಯ ಮಧ್ಯಾಹ್ನ ಹುಣಸಮಾರನಹಳ್ಳಿಯ ತಂಡ ಬರುತ್ತಿತ್ತು. ನಾವು ಒಂದು ಒಗಟಿನ ಪದ ಹಾಡಿ ಅದರ ಅರ್ಥ ಬಿಡಿಸಬೇಕು, ಅವರು ಪ್ರಶ್ನೆ ಹಾಕಬೇಕು. ಅರ್ಥ ನಿಂತರೆ ಪಣಕ್ಕಿಟ್ಟ ಏಕತಾರಿ ನಮಗೆ, ಬಿದ್ದರೆ ಅವರಿಗೆ. ಗಂಡಸರು ಒಳಗೆ ಕೂರುತ್ತಿದ್ದರು, ಹೆಂಗಸರು ಹೊರಗೆ ಜಗಲಿಯ ಮೇಲೆ.

ಆ ಏಕತಾರಿಯನ್ನು ಇಪ್ಪತ್ತು ವರ್ಷ ನುಡಿಸಿದ್ದು ನಮ್ಮಪ್ಪ. ಅಪ್ಪ ತೀರಿಕೊಂಡ ವರ್ಷವೇ ನಮ್ಮವರು ಸೋತು ಅದು ಹುಣಸಮಾರನಹಳ್ಳಿಗೆ ಹೋಗಿತ್ತು. ಅಮ್ಮ ನನ್ನನ್ನು ಜೀವಮಾನದಲ್ಲಿ ಏನೂ ಕೇಳಿದವಳಲ್ಲ. ಒಂದು ಏಕಾದಶಿಗೆ ಮುಂಚೆ ಕೇಳಿದಳು: "ಅದ್ನ ಮನೆಗೆ ತಂದ್ಕೊಡು ಮಗ. ನಿಮ್ಮಪ್ಪಂದು ಅಂತ ಇನ್ನೇನೈತೆ ನಂಗೆ?" ಹಾಡಲೆಂದು ತನ್ನದೇ ಒಂದು ಪದವನ್ನೂ ಕೊಟ್ಟಳು:

ಅಂಗಿ ಬಿಚ್ಚಿದ ಅಕ್ಕಿ ಆರಿ ಕೂತೈತೆ
ಏಳು ಮಳೆ ಉಯ್ದರೂ ಮೊಳೆಯಾಕಿಲ್ಲ

ಕೇಳಿದ ಕೂಡಲೇ ನನಗೆ ಹೊಳೆಯಿತು. ಅಕ್ಕಿ ಎಂದರೆ ಹಕ್ಕಿ, ಆರಿ ಎಂದರೆ ಹಾರಿ. ಹಕ್ಕಿ ಜೀವಾತ್ಮ, ಅಂಗಿ ದೇಹ. ಪಟ್ಟಾಗಿ ಕೂತು ನಾಲ್ಕು ಪುಟ ಬರೆದೆ. ಅಮ್ಮನ ಹತ್ತಿರ ಅರ್ಥ ಕೇಳಲಿಲ್ಲ. ಓದು ಬಾರದವಳನ್ನು ಏನು ಕೇಳುವುದು ಎಂದುಕೊಂಡೆ. ಹೀಗೆ ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹಾಗೆಯೇ.

ಏಕಾದಶಿ ಬಂತು. ನಮ್ಮವರು ಪದ ಹಾಡಿದರು, ನಾನು ಎದ್ದು ನಿಂತು ಹಕಾರಗಳನ್ನೆಲ್ಲ ಒತ್ತಿ ಒತ್ತಿ ಅರ್ಥ ಹೇಳಿದೆ. ಜನ ತಲೆದೂಗಿದರು. ಹುಣಸಮಾರನಹಳ್ಳಿಯ ತಂಡದ ಹಿರಿಯರು ಮಾತ್ರ ಏಕತಾರಿಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಕೇಳಿದರು.

"ಎಲ್ಲಾ ಸರಿ ಕಣಪ್ಪ. ಅಕ್ಕಿ ಮೊಳೆಯೋದು ಅಂದ್ರೇನು?"

"ರೆಕ್ಕೆ ಮೊಳೆಯೋದು" ಎಂದೆ.

"ರೆಕ್ಕೆ ಮೊಳೀದೆ ಅದು ಆರಿದ್ದೆಂಗೆ?"

ಭಜನೆ ಮನೆಯೆಲ್ಲ ನಕ್ಕಿತು. ನಾನು ನನ್ನ ನಾಲ್ಕು ಪುಟಗಳನ್ನು ಹಿಂದೆ ಮುಂದೆ ಮಗುಚತೊಡಗಿದೆ. ಹಿರಿಯರು ಏಕತಾರಿಯನ್ನು ಚೀಲಕ್ಕೆ ಹಾಕಲು ಹೊರಟರು. ಅಮ್ಮ ಕೇಳಿದ್ದ ಒಂದೇ ಒಂದು ವಸ್ತು ನನ್ನ ಕಣ್ಣೆದುರೇ ವಾಪಸು ಹೊರಟಿತ್ತು.

ಆಗ ಜಗಲಿಯಿಂದ ದನಿ ಬಂತು. "ಮಗ ತಪ್ಪು ತಿಳ್ಕೊಂಡವ್ನೆ. ಅದು ಆರೋ ಅಕ್ಕಿ ಅಲ್ಲ, ಉಣ್ಣೋ ಅಕ್ಕಿ."

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಮ್ಮ ಕಡೆಯವರೊಬ್ಬರು "ಸುಮ್ನಿರವ್ವ" ಎಂದರು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

"ಬತ್ತದ ಅಂಗಿ ಬಿಚ್ಚಿದ್ರೆ ಅಕ್ಕಿ. ಬತ್ತ ಬಿತ್ತಿದ್ರೆ ಮೊಳೀತೈತೆ. ಅಕ್ಕಿ ಬಿತ್ತಿ, ಏಳು ಮಳೆ ಉಯ್ಲಿ, ಮೊಳೀತೈತಾ? ನಾನು ಅನ್ನೋ ಒಟ್ಟು ಕಳ್ಕೊಂಡೋನೂ ಅಂಗೇಯ. ಇನ್ನೊಂದು ಸಲ ಉಟ್ಟಾಕಿಲ್ಲ."

ಒಟ್ಟು ಎಂದರೆ ಹೊಟ್ಟು, ಉಟ್ಟಾಕಿಲ್ಲ ಎಂದರೆ ಹುಟ್ಟುವುದಿಲ್ಲ. ಇದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳಗಿದ್ದವರೆಲ್ಲ ಬತ್ತ ಕುಟ್ಟಿದ ಮನೆಯವರೇ. ಹೊಟ್ಟು ಹಾರಿಸಿದ ಅಕ್ಕಿ ಮೊಳೆಯುವುದಿಲ್ಲವೆಂದು ನನಗೂ ಗೊತ್ತಿತ್ತು. ಗೊತ್ತಿದ್ದನ್ನು ಬಿಟ್ಟು ಆಕಾಶಕ್ಕೆ ಏಣಿ ಹಾಕಿದ್ದೆ.

ಹಿರಿಯರು ಚೀಲವನ್ನು ಪಕ್ಕಕ್ಕೆ ಸರಿಸಿ, "ಇದ್ನ ಯಾರವ್ವ ಯೋಳ್ಕೊಟ್ಟಿದ್ದು ನಿಂಗೆ?" ಎಂದು ಕೇಳಿದರು.

"ಯಾರೂ ಇಲ್ಲ. ಕುಟ್ತಾ ಕುಟ್ತಾ ತಿಳೀತು."

ಅವರು ಏಕತಾರಿ ಹಿಡಿದು ಎದ್ದರು. ನನಗೇ ಕೊಡುತ್ತಾರೆಂದು ನಾನು ಎರಡೂ ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೊಸಿಲ ತನಕ ನಡೆದು ಅದನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಸೆರಗಿನಲ್ಲಿ ಅದನ್ನು ಒರೆಸಿದಳು, ಅಳಲಿಲ್ಲ. ಅತ್ತವನು ನಾನು. ಅವಮಾನಕ್ಕೆಂದು ಕೆಲವರು ತಿಳಿದರು. ಅವಮಾನ ಎಲ್ಲಿ ಬಂತು? ನನ್ನ ಎದೆ ಎರಡು ಗೇಣು ಉಬ್ಬಿತ್ತು.

ಮುಂದಿನ ಏಕಾದಶಿಗೆ ಅರ್ಥ ಹೇಳುವವರ ಚಾಪೆಯ ಮೇಲೆ ಅಮ್ಮ ಕೂತಳು, ಅವಳ ಹಿಂದೆ ನಾನು. ಚಿಕ್ಕಜಾಲದಿಂದ ಹೊಸದಾಗಿ ಬಂದಿದ್ದ ಒಬ್ಬರು "ಗಂಡಸರ ನಡುವೆ ಈಯಮ್ಮ ಯಾರು?" ಎಂದು ಪಕ್ಕದವರನ್ನು ಕೇಳಿದರು. ಬೇರೆ ಯಾರಿಗೂ ಬಾಯಿ ತೆರೆಯಲು ಬಿಡದೆ ನಾನೇ ಹೇಳಿದೆ: "ನಮ್ಮಮ್ಮ."