ಉತ್ತರಕ್ಕೆ ತಲೆ

ಪೇಂಟರ್ ಏಣಿ ಹತ್ತಿ ಫ್ಯಾನಿನ ಪಕ್ಕ ಕೈ ಚಾಚಿದ. "ಮೇಡಂ, ಇಲ್ಲೇನೋ ಹಸಿರು ಬಟ್ಟೆ ಅಂಟ್ಕೊಂಡಿದೆ, ಕಿತ್ತಾಕ್ಲಾ?"

"ಮುಟ್ಬೇಡ!" ಅಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಅದು ಬಟ್ಟೆಯ ಬಾಣ. ಕರ್ಟನ್ ಹೊಲಿದು ಮಿಕ್ಕ ತುಂಡಿನಲ್ಲಿ ಮಾಸ್ಟರ್ ಕತ್ತರಿಸಿ ಸೀಲಿಂಗಿಗೆ ಅಂಟಿಸಿದ್ದು...

ಮಾಸ್ಟರ್ ಅಂದರೆ ಶಿವಾಜಿನಗರದ ನಮ್ಮ ಟೈಲರ್. ನನ್ನ ಮದುವೆಯ ಬ್ಲೌಸಿನಿಂದ ಹಿಡಿದು ಈ ಮನೆಯ ದಿಂಬಿನ ಕವರಿನವರೆಗೆ ಎಲ್ಲ ಅವರ ಕೈಯದೇ. ಯಜಮಾನರು ಹೋದ ಮೇಲೆ ಹಲಸೂರಿನ ಈ ಮನೆಯ ಕೆಳಗಿನ ರೂಮುಗಳನ್ನು ಗೆಸ್ಟ್ ಹೌಸ್ ಮಾಡಿದ್ದೆ. ಮನೆ ಉಳಿಯಬೇಕಾದರೆ ರೂಮು ತುಂಬಬೇಕಿತ್ತು. ಓಮನ್‌ನಿಂದ ಆಸ್ಪತ್ರೆಗೆ ಬರುವವರನ್ನು ಕಳಿಸುವ ಏಜೆಂಟ್ ಒಬ್ಬ, "ಮೊದಲ್ನೇ ಫ್ಯಾಮಿಲಿ ಮುಖ ಸಿಂಡರಿಸಿದ್ರೆ ನೀವು ಲಿಸ್ಟಿಂದ ಔಟ್, ಆಂಟಿ" ಅಂತ ಮೊದಲೇ ಹೇಳಿದ್ದ.

ಹಲಾಲ್ ಮಟನ್, ಬಾತ್‌ರೂಮಿಗೆ ನೀರಿನ ಪೈಪು, ನಮಾಜಿಗೆ ಚಾಪೆ, ಹೆಂಗಸರಿಗೆ ಅಡ್ಡ ಪರದೆ... ಹೋಂವರ್ಕ್ ಮುಗಿಸಿದ ಕಾನ್ವೆಂಟ್ ಹುಡುಗಿಯ ಹಾಗೆ ಎಲ್ಲಕ್ಕೂ ಟಿಕ್ ಹಾಕಿದ್ದೆ.

ಆ ಮೊದಲ ಫ್ಯಾಮಿಲಿಯ ಕಾರು ಏರ್‌ಪೋರ್ಟ್ ಬಿಟ್ಟಿದೆ ಅಂತ ಫೋನ್ ಬಂದಾಗ ಮಾಸ್ಟರ್ ಏಣಿಯ ಮೇಲೆ ನಿಂತು ಕೊನೆಯ ಪರದೆ ಏರಿಸುತ್ತಿದ್ದರು. ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಮೆಲ್ಲಗೆ ಕೇಳಿದರು: "ಮೇಡಂ, ಮಂಚ ಯಾರು ಹಿಂಗೆ ಹಾಕಿದ್ದು?"

"ನಾನೇ. ಪೂರ್ವಕ್ಕೆ ತಲೆ. ವಾಸ್ತು ಪ್ರಕಾರ."

"ತಲೆ ಸರಿ. ಕಾಲು? ಮೆಕ್ಕಾದ ಕಾಬಾ ಪಶ್ಚಿಮಕ್ಕಲ್ವಾ? ಪಾಪ, ಈಗ ಬರೋ ಬಡೇ ಮಿಯಾ, ವಯಸ್ಸಾದೋರು, ಅದರ ಕಡೆ ಕಾಲು ಚಾಚಿ ಮಲಗ್ಬೇಕಾ?"

 ಇಷ್ಟೆಲ್ಲ ಲಿಸ್ಟಿನಲ್ಲಿ ಇದೊಂದು ಇರಲಿಲ್ಲ.

"ಉತ್ತರಕ್ಕೆ ತಲೆ ಹಾಕ್ಬಿಡಿ, ಮೇಡಂ. ಬಲಮಗ್ಗುಲಾದ್ರೆ ಮುಖ ನೇರ ಅಲ್ಲಿಗೇ. ನಮ್ಮಲ್ಲಿ ಅದೇ ಬೆಸ್ಟು."

ಉತ್ತರಕ್ಕೆ! ನಮ್ಮಲ್ಲಿ ಉತ್ತರಕ್ಕೆ ತಲೆ ಹಾಕುವುದು ಪ್ರಾಣ ಹೋದ ಮೇಲೆ. ಯಜಮಾನರನ್ನು ಹಾಗೆ ಮಲಗಿಸಿದ್ದೂ ಇದೇ ಮನೆಯಲ್ಲಿ. ಬರುತ್ತಿರುವವರಿಗೆ ಹಾರ್ಟ್ ಆಪರೇಷನ್ ಬೇರೆ.

"ನಾನು ಕರೆಸ್ತಿರೋದು ಪೇಷಂಟನ್ನ, ಮಾಸ್ಟರ್. ಹೆಣಾನಲ್ಲ!"

ಮಾಸ್ಟರ್ ಕೈಯಲ್ಲಿದ್ದ ಗುಂಡುಸೂಜಿಯನ್ನು ಪರದೆಗೆ ಚುಚ್ಚಿದರು. ಅವರ ಮನೆಯಲ್ಲಿ ಅವರು, ಅವರ ಹೆಂಡತಿ, ಮಕ್ಕಳು ದಿನಾ ಮಲಗುವುದೇ ಹಾಗೆ ಅನ್ನುವುದು ಮಾತು ಆಡಿದ ಮೇಲೆ ಹೊಳೆಯಿತು... ಅವರು ಏಣಿಯಿಂದ ಇಳಿದು, ಕೊರಳಿನ ಟೇಪು ತೆಗೆದು ರೂಮು ಅಳೆದರು.

"ದಕ್ಷಿಣಕ್ಕೆ ಹಾಕೋಣ. ಐದಿಂಚು ಮಿಗುತ್ತೆ. ನಿಮ್ಮೋರಿಗೂ ತಕರಾರಿಲ್ಲ, ನಮ್ಮೋರಿಗೂ ಇಲ್ಲ. ಹಿಡೀರಿ."

ಬೀಟೆ ಮರದ ಮಂಚ. ಇಬ್ಬರೂ ಏದುಸಿರು ಬಿಡುತ್ತಾ ಎಳೆದೆವು. ನಾನು ಬೆಡ್‌ಶೀಟ್ ಎಳೆದು ಸರಿಮಾಡುವಷ್ಟರಲ್ಲಿ ಅವರು ಕಾಬಾದ ದಿಕ್ಕು ತೋರಿಸಲು ಬಾಣ ಕತ್ತರಿಸಿ, ಗೋಂದು ಬಳಿದು, ಪಶ್ಚಿಮಕ್ಕಿಂತ ಒಂದು ಚೂರು ಉತ್ತರಕ್ಕೆ ವಾಲಿಸಿ ಮೇಲೆ ಅಂಟಿಸಿದರು. ಗೇಟಿನಲ್ಲಿ ಹಾರ್ನ್ ಆಯಿತು.

ಮಗಳ ತೋಳು ಹಿಡಿದು ಬಂದ ಆ ಹಿರಿಯರು ಮೊದಲು ಬಾಣ ನೋಡಿದರು. ಆಮೇಲೆ ಮಂಚ.  ಅವರು ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿದರು. ಆ ವಂದನೆ ಸಲ್ಲಬೇಕಾಗಿದ್ದ ಮಾಸ್ಟರ್ ಆಗಲೇ ಕತ್ತರಿ ಚೀಲಕ್ಕೆ ಹಾಕಿಕೊಂಡು ಹಿಂದಿನ ಗೇಟಿನಿಂದ ಹೊರಟಿದ್ದರು.

ಆಮೇಲೆ ವರ್ಷಗಟ್ಟಲೆ ರೂಮು ಖಾಲಿ ಬೀಳಲಿಲ್ಲ. ಮಾಸ್ಟರೂ ಬರುತ್ತಿದ್ದರು, ಪರದೆ ಬದಲಿಸುತ್ತಿದ್ದರು, ಟೀ ಕುಡಿಯುತ್ತಿದ್ದರು. ಹೆಣದ ಆ ಮಾತು ಅವರು ಎತ್ತಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳಿಂದ ಸ್ಕೇಲಿನ ಏಟು ತಿಂದು ಸಾರಿ, ಪ್ಲೀಸ್, ಥ್ಯಾಂಕ್ಯೂ ಕಲಿತಿದ್ದ ನಾನೂ ಎತ್ತಲಿಲ್ಲ. ಇವತ್ತು ಹೇಳೋಣ, ಮುಂದಿನ ಸಲ ಹೇಳೋಣ...

ಹೋದ ವರ್ಷ ಮಾಸ್ಟರ್ ತೀರಿಕೊಂಡ ಸುದ್ದಿ ಕೇಳಿ ಅವರ ಮನೆಗೆ ಹೋದಾಗ ಹೆಂಗಸರ ಕಡೆಯ ಬಾಗಿಲಿಂದ ನೋಡಿದೆ. ಬಿಳಿ ಬಟ್ಟೆ. ಬೆಳಕು ಬರುವ ಕಿಟಕಿ ಯಾವ ದಿಕ್ಕು ಅಂತ ಲೆಕ್ಕ ಹಾಕಿದೆ. ತಲೆ ಉತ್ತರಕ್ಕಿತ್ತು. ಸುಮ್ಮನೆ ನಿದ್ದೆ ಮಾಡುವವರ ಹಾಗೇ ಇತ್ತು ಮುಖ.

"ಸುತ್ತ ಹೊಡಿಯಪ್ಪ, ಅದು ಹಾಗೇ ಇರಲಿ" ಅಂದೆ ಪೇಂಟರಿಗೆ. ಅವನು ಬ್ರಷ್ ಅದ್ದಿದ. ನಾನು ಬಾಣವನ್ನೇ ನೋಡುತ್ತಾ, "ಸಾರಿ..." ಅಂದೆ.

"ಪರ್ವಾಗಿಲ್ಲ ಬಿಡಿ, ಮೇಡಂ" ಅಂದ, ಗದರಿದ್ದಕ್ಕೆ ತನಗೇ ಹೇಳಿದೆ ಅಂದುಕೊಂಡು.