ದಾಳಿಂಬದ ಸ್ಟಾರ್ಟರುಗಳ ಪಾಳಿ

ದಾಳಿಂಬದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ತ್ರೀ ಫೇಜ್ ಕರೆಂಟ್ ಬರುತ್ತದೆ. ಬಂದ ಕ್ಷಣವೇ ನೂರ ಎಂಬತ್ತು ಬಾವಿಗಳ ಬಳಿಯ ತಗಡಿನ ಡಬ್ಬಿಗಳು ತಮ್ಮ ಮಾಲೀಕರಿಗೆ ಫೋನ್ ಹಚ್ಚುತ್ತವೆ. ಪ್ರತಿ ಡಬ್ಬಿಯಲ್ಲೂ ಒಂದು ಸಿಮ್ ಇದೆ. ಕರೆ ತಲುಪಿದ ರೈತ ಮನೆಯಲ್ಲೇ ಕೂತು ಪಂಪು ಚಾಲೂ ಮಾಡುತ್ತಾನೆ. ತಲುಪದಿದ್ದರೆ ಡಬ್ಬಿ ಮತ್ತೆ ಮತ್ತೆ ಹಚ್ಚುತ್ತಲೇ ಇರುತ್ತದೆ. ಈ ಮೊಬೈಲ್ ಸ್ಟಾರ್ಟರುಗಳನ್ನು ಕೂಡಿಸಿದವನು ಗುರುಲಿಂಗ, ಆಳಂದದ ಕಡೆಯಿಂದ ಬಂದು ಇಲ್ಲಿ ಮನೆ ಅಳಿಯನಾದ ಮೋಟಾರು ಮೆಕ್ಯಾನಿಕ್.

ಕರೆಂಟ್ ಬಂದ ಎಷ್ಟು ಸೆಕೆಂಡಿಗೆ ಕರೆ ಹೋಗಬೇಕೆಂದು ಡಬ್ಬಿಯಲ್ಲಿ ಗೊತ್ತುಮಾಡಬಹುದು. ಗಿರಾಕಿಗಳೆಲ್ಲ ಕೇಳಿದ್ದು ಒಂದೇ: ಪಕ್ಕದ ಹೊಲದವನಿಗಿಂತ ಮೊದಲು ನನಗೆ. ಗುರುಲಿಂಗ ಎಲ್ಲರಿಗೂ ಸೊನ್ನೆ ಇಟ್ಟುಕೊಟ್ಟಿದ್ದ.

ತಿಂಗಳ ಇಪ್ಪತ್ತೊಂಬತ್ತರಂದು ಅವನು ರೇಷನ್ ಅಂಗಡಿಯ ಮುಂದೆ ಹಾಯುವಾಗ ಕೂಲಿಯ ಅಂಬುಬಾಯಿ ಖಾಲಿ ಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಅದು ಮೂರನೆಯ ದಿನ. ಅಂಗಡಿಯ ಸಿದ್ದರಾಮ ಎರಡು ಊರು ನೋಡುತ್ತಾನೆ. ಇಲ್ಲಿ ಒಂಬತ್ತರಿಂದ ಹತ್ತರವರೆಗೆ ಮಾತ್ರ. ಹೆಬ್ಬೆಟ್ಟಿನ ಮಶೀನಿಗೆ ಆ ಒಂದು ತಾಸು ನೆಟ್‌ವರ್ಕ್ ಸಿಗುತ್ತಿರಲಿಲ್ಲ.

"ನಾಳಿ ಬಾ ಮಾವಶಿ," ಎಂದ ಸಿದ್ದರಾಮ.

"ನಾಳಿ ಮೂವತ್ತು. ನಾಳಿ ತಪ್ಪಿದ್ರ ಈ ತಿಂಗಳ ಗೋಧಿ ಹೋತು. ನಿನ್ನ ಮಶೀನಿಗಿ ನನ್ನ ಹೆಬ್ಬಟ್ಟಂದ್ರ ಅಷ್ಟ್ಯಾಕ ಸಿಟ್ಟೋ?"

"ನಿಂದಷ್ಟ ಅಲ್ಲ, ಎಲ್ಲಾರದೂ ಹಂಗೇ. ಹೋದ ಶನಿವಾರ ಹೊಲದ ಕರೆಂಟ್ ಬರಲಿಲ್ಲ ನೋಡು, ಅವತ್ತ ಮಾತ್ರ ಸರಾಸರಾ ಹಿಡೀತು. ನೀ ಮಾಕಣಿ ಊರಿಗಿ ಕಳೆ ತೆಗ್ಯಾಕ ಹೋಗಿದ್ದಿ."

ಗುರುಲಿಂಗ ಗಾಡಿ ನಿಲ್ಲಿಸಿದ. ಊರಿಗೆ ಇರುವುದು ಒಂದೇ ಟವರ್. ಅದರ ಬಾಗಿಲಲ್ಲಿ ನೂರ ಎಂಬತ್ತು ಡಬ್ಬಿಗಳನ್ನು ಒಮ್ಮೆಲೇ ನುಗ್ಗಲು ಬಿಟ್ಟವನು ತಾನೇ ಎಂದು ಅವನಿಗೆ ಹೊಳೆಯಿತು.

ಸಂಜೆ ಮಾರುತಿ ಗುಡಿಯ ಕಟ್ಟೆಯಲ್ಲಿ ಜನರನ್ನು ಕೂಡಿಸಿ ಹೇಳಿದ: ಒಬ್ಬರಾದ ಮೇಲೆ ಒಬ್ಬರಂತೆ ಐದೈದು ಸೆಕೆಂಡು ಬಿಟ್ಟರೆ ಕಾಲು ತಾಸಿನಲ್ಲಿ ಎಲ್ಲ ಕರೆಗಳೂ ಮುಗಿಯುತ್ತವೆ, ನಡುವೆ ರೇಷನ್ ಮಶೀನಿಗೂ ಜಾಗ ಸಿಗುತ್ತದೆ. ಬದಲಿಸಲು ಡಬ್ಬಿಗೊಂದು ಮೆಸೇಜ್ ಸಾಕು.

"ಬರಾಬರ್ ಅದ. ಆದ್ರ ನಾ ಯಾಕ ಹಿಂದ ನಿಲ್ಲಬೇಕು?" ಎಂದರು ನಾಲ್ಕಾರು ಮಂದಿ.

"ಮೊದಲ ನಮ್ಮ ಮನೀದು ಹಚ್ಚು," ಎಂದ ಮಾವ ಮಾಣಿಕಪ್ಪ.

ಇಲ್ಲಿ ಅಣ್ಣತಮ್ಮಂದಿರು ಕಣದಲ್ಲಿ ರಾಶಿ ಹಂಚಿಕೊಳ್ಳುವಾಗ ಪಾಲು ಮಾಡಿದವನು ಕೊನೆಯ ಪಾಲು ಎತ್ತುತ್ತಾನೆ. ಗುರುಲಿಂಗ ಅದನ್ನೇ ಹಿಡಿದ. "ಹಂಚಾಂವ ನಾ ಇದ್ದೀನ್ರಿ ಮಾವಾ. ನಮ್ಮ ಡಬ್ಬಿ ಎಲ್ಲಾರಕಿಂತ ಹಿಂದ."

"ಜಾವಯಿ ಅಂತ ಮನ್ಯಾಗ ಇಟಗೊಂಡೆ, ಊರಿಗಿ ಜಾವಯಿ ಆಗ್ಯಾನ!" ಮಾಣಿಕಪ್ಪ ಅಳಿಯನನ್ನು ಬೈದು ಎದ್ದು ನಡೆದ. ಕಟ್ಟೆಯವರು ನಕ್ಕರು. ನಕ್ಕ ಮೇಲೆ ಬೇಡ ಎನ್ನುವುದು ಕಷ್ಟವಾಯಿತು. ಆದರೂ ಸುಮಾರು ನಲವತ್ತು ಮಂದಿ ಒಪ್ಪಲಿಲ್ಲ. ಉಳಿದ ಡಬ್ಬಿಗಳಿಗೆ, ಕೊನೆಗೆ ಮಾವನದಕ್ಕೂ, ಗುರುಲಿಂಗ ಆ ರಾತ್ರಿಯೇ ಮೆಸೇಜ್ ಕಳಿಸಿದ.

ಮರುದಿನ ಒಂಬತ್ತಕ್ಕೆ ಅಂಬುಬಾಯಿ ಬೆರಳು ಒರೆಸಿಕೊಂಡು ಮಶೀನಿನ ಮೇಲಿಟ್ಟಳು. ಹಿಡಿಯಲಿಲ್ಲ. ಎರಡನೆಯ ಸಲವೂ ಇಲ್ಲ. ಐದು ನಿಮಿಷ ಕಳೆದು ಮೂರನೆಯ ಸಲಕ್ಕೆ ಚೀಟಿ ಹೊರಬಂತು.

ಗೋಧಿ ಹೊತ್ತು ಅವಳು ಬರುವಾಗ ತನ್ನ ಮನೆಯ ಅಂಗಳದಲ್ಲಿ ಮಾಣಿಕಪ್ಪ ಫೋನನ್ನೇ ನೋಡುತ್ತ ಕೂತಿದ್ದ.

"ಬಂತೇನ್ರಿ ಧಣೀ ನಿಮ್ಮ ಬಾವಿ ಫೋನು?"

"ಇನ್ನಾ ಇಲ್ಲ."

"ಬರ್ತದ ಬಿಡ್ರಿ," ಎಂದಳು ಅವಳು ಚೀಲವನ್ನು ಭುಜಕ್ಕೆ ಸರಿಸಿ. "ನಂದು ಮೂರು ದಿನ ಬಿಟ್ಟು ಬಂತು."